ಕೊಡಗಿನಿಂದ ಬೆಂಗಳೂರಿಗೆ ಕಾರಲ್ಲಿ ಹೋಗುವವರಿಗೆ: ಯಾವ ದಾರಿ, ಯಾವ ಪಾಸ್, ಎಷ್ಟು ಟೋಲ್?

ನಮ್ಮ ಜಿಲ್ಲೆಯೊಳಗೆ ರಾಷ್ಟ್ರೀಯ ಹೆದ್ದಾರಿಯ ಟೋಲ್ ಪ್ಲಾಜಾ ಒಂದೂ ಇಲ್ಲ. ರೈಲು ಹಳಿಯೂ ಇಲ್ಲ. ದೊಡ್ಡ ಆಸ್ಪತ್ರೆ, ಮಕ್ಕಳ ಕಾಲೇಜು, ಕೆಲಸದ ಸಂದರ್ಶನ, ನೆಂಟರ ಮದುವೆ, ಯಾವುದಕ್ಕೆ ಹೊರಟರೂ ರಸ್ತೆಯೇ ಗತಿ. ಸುಂಟಿಕೊಪ್ಪದಿಂದ ಹೊರಟು ಆನೆಕಾಡು, ಕುಶಾಲನಗರ, ಬೈಲುಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಮುಟ್ಟುವ ತನಕ ಜೇಬಿಗೆ ಕೈ ಹಾಕಬೇಕಾಗಿಲ್ಲ. ಅಲ್ಲಿಂದ ಮುಂದೆ ಮೊಬೈಲ್‌ಗೆ ಒಂದರ ಹಿಂದೆ ಒಂದು ಮೆಸೇಜ್ ಬರುತ್ತದೆ, ಹಣ ಕಡಿತವಾಯಿತು ಅಂತ.

ಮಗಳು ಬೆಂಗಳೂರಿನ ಕಾಲೇಜು ಸೇರಿದ ಮೇಲೆ ನಮ್ಮ ಮನೆಯಲ್ಲಿ ಈ ಖರ್ಚು ಕಣ್ಣಿಗೆ ಬೀಳತೊಡಗಿತು. ತೋಟದ ಕೂಲಿ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲೇ ಒಂದು ವರ್ಷ ಬರೆದಿಟ್ಟೆ: ಎಷ್ಟು ಸಲ ಹೋದೆವು, ಯಾವ ದಾರಿಯಲ್ಲಿ, ಅದೇ ದಿನ ವಾಪಸ್ಸೋ, ಉಳಿದುಕೊಂಡು ಬಂದದ್ದೋ. ಆ ಪುಟ ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಟೋಲ್ ತಪ್ಪಿಸುವ ದಾರಿ ಹುಡುಕುವುದರಲ್ಲಿ ಉಳಿಯುವ ಹಣ ಕಡಿಮೆ. ವರ್ಷಕ್ಕೆ ಎಷ್ಟು ಸಲ ಟೋಲ್ ದಾಟುತ್ತೇವೆ ಎಂದು ಎಣಿಸಿಕೊಂಡು, ಅದಕ್ಕೆ ಸರಿಯಾಗಿ ಹಣ ಕಟ್ಟುವ ಬಗೆ ಆರಿಸಿದರೆ ಉಳಿಯುವುದು ಹೆಚ್ಚು. ಯಾರಿಗೆ ಯಾವುದು ಸರಿ ಎಂದು ಕೇಳುವ ನೆಂಟರಿಗೆಲ್ಲ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದರ ಎಲ್ಲಿಂದ ಬರುತ್ತದೆ

ರಾಷ್ಟ್ರೀಯ ಹೆದ್ದಾರಿಯ ಟೋಲ್ ದರವನ್ನು ಟೋಲ್ ಕಂಪನಿಯವರು ತಮಗೆ ತೋಚಿದಂತೆ ಇಡುವುದಿಲ್ಲ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಿವೆ. ನಾಲ್ಕು ಅಥವಾ ಹೆಚ್ಚು ಪಥದ ರಸ್ತೆಗೆ, 2007–08ರ ಬೆಲೆಯಲ್ಲಿ, ಕಾರಿಗೆ ಕಿಲೋಮೀಟರಿಗೆ 65 ಪೈಸೆ ಎಂಬುದು ಮೂಲ ದರ. ಅದು ಪ್ರತಿ ವರ್ಷ ಶೇ 3ರಷ್ಟು ಏರುತ್ತದೆ. ಅದರ ಜೊತೆಗೆ ಸಗಟು ಬೆಲೆ ಸೂಚ್ಯಂಕ ಎಷ್ಟು ಏರಿದೆಯೋ ಅದರ ಶೇ 40 ಸೇರುತ್ತದೆ. ಏಪ್ರಿಲ್ 1ರ ಆಸುಪಾಸಿನಲ್ಲಿ ‘ಟೋಲ್ ಏರಿಕೆ’ ಎಂಬ ಸುದ್ದಿ ಪ್ರತಿ ವರ್ಷ ಬರುವುದು ಇದಕ್ಕೇ. ಸೇತುವೆ, ಮೇಲ್ಸೇತುವೆ, ಬೈಪಾಸ್ ಇದ್ದರೆ ದರ ಇನ್ನೂ ಹೆಚ್ಚು. ಎರಡೇ ಪಥದ ರಸ್ತೆಗೆ ಟೋಲ್ ಹಾಕಿದರೆ ನಾಲ್ಕು ಪಥದ ದರದ ಶೇ 60 ಮಾತ್ರ.

ಇನ್ನೊಂದು ಮಾತು ಗೊತ್ತಿರಬೇಕು. ನಮ್ಮ ಕಡೆಯ ಪ್ಲಾಜಾಗಳಲ್ಲಿ ನೀವು ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಎಂದು ಅಳೆಯುವುದಿಲ್ಲ. ಗೇಟ್ ದಾಟಿದರೆ ಆ ಭಾಗದ ಪೂರ್ತಿ ದುಡ್ಡು ಹೋಯಿತು. ಹತ್ತು ಕಿಲೋಮೀಟರ್ ಓಡಿಸಿದವರಿಗೂ ಅದೇ, ಐವತ್ತು ಓಡಿಸಿದವರಿಗೂ ಅದೇ. ಆದ್ದರಿಂದ ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗಿಂತ ಗೇಟು ಮುಖ್ಯ.

ಯಾವ ದಿಕ್ಕಿಗೆ ಎಷ್ಟು ಗೇಟು

ಮೈಸೂರಿನ ತನಕ ಮಾತ್ರ ಹೋಗಿ ಬರುವವರು ಈ ಬರಹದ ಅರ್ಧ ಭಾಗ ಬಿಟ್ಟುಬಿಡಬಹುದು. ಸದ್ಯಕ್ಕೆ ಆ ದಾರಿಯಲ್ಲಿ ಟೋಲ್ ಇಲ್ಲ. ಪೆರುಂಬಾಡಿ, ಮಾಕುಟ್ಟ ಇಳಿದು ಇರಿಟ್ಟಿ ಕಡೆಗೆ ಹೋಗುವ ವಿರಾಜಪೇಟೆಯವರಿಗೂ, ಕುಟ್ಟದಿಂದ ಮಾನಂತವಾಡಿಗೆ ಹೋಗುವವರಿಗೂ ಇಲ್ಲ. ಮಂಗಳೂರಿಗೆ ಹೊರಟರೆ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ ದಾಟಿ, ಬಿ.ಸಿ.ರೋಡ್ ಕಳೆದ ಮೇಲೆ ಬ್ರಹ್ಮರಕೂಟ್ಲು ಟೋಲ್ ಗೇಟು ಸಿಗುತ್ತದೆ. ಅಲ್ಲಿಯ ದರ ಬೆಂಗಳೂರು ಎಕ್ಸ್‌ಪ್ರೆಸ್‌ವೇಗೆ ಹೋಲಿಸಿದರೆ ಬಹಳ ಕಡಿಮೆ. ಮಳೆಗಾಲದಲ್ಲಿ ಆ ದಾರಿಗೆ ಟೋಲ್ ಲೆಕ್ಕ ಹಾಕಿ ಹೊರಡುವವರು ಯಾರೂ ಇಲ್ಲ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದದ್ದನ್ನು ನೋಡಿದವರು ಮೊದಲು ರಸ್ತೆ ತೆರೆದಿದೆಯೇ ಎಂದು ಕೇಳುತ್ತಾರೆ.

ನಿಜವಾದ ಆಯ್ಕೆ ಇರುವುದು ಬೆಂಗಳೂರಿನ ದಾರಿಯಲ್ಲಿ.

ಎಕ್ಸ್‌ಪ್ರೆಸ್‌ವೇ, ಸರ್ವಿಸ್ ರಸ್ತೆ, ಹಾಸನದ ಕಡೆಯ ದಾರಿ

ಮೈಸೂರು–ಬೆಂಗಳೂರು ದಶಪಥ ಎಂದು ಕರೆಯುವ ರಸ್ತೆಯಲ್ಲಿ ನಡುವೆ ಆರು ಪಥದ ಮುಖ್ಯ ರಸ್ತೆ, ಎರಡೂ ಬದಿ ಎರಡೆರಡು ಪಥದ ಸರ್ವಿಸ್ ರಸ್ತೆ. ಒಟ್ಟು ಉದ್ದ ಸುಮಾರು 118 ಕಿ.ಮೀ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು, ಎರಡೇ ದಿನಕ್ಕೆ ಬಿಡದಿ ಹತ್ತಿರ ಟೋಲ್ ಶುರುವಾಯಿತು. ಮೈಸೂರು ಕಡೆಯ ಅರ್ಧಕ್ಕೆ, ಶ್ರೀರಂಗಪಟ್ಟಣದ ಹತ್ತಿರದ ಗಣಂಗೂರಿನಲ್ಲಿ, ಅದೇ ವರ್ಷ ಜುಲೈ 1ರಿಂದ ಟೋಲ್ ಬಂತು. ನಡುವಿನ ಗಡಿ ನಿಡಘಟ್ಟ. ಬೆಂಗಳೂರು–ನಿಡಘಟ್ಟ 56 ಕಿ.ಮೀ., ನಿಡಘಟ್ಟ–ಮೈಸೂರು 61 ಕಿ.ಮೀ.

2023ರ ಜುಲೈನಲ್ಲಿ ಎರಡನೆಯ ಗೇಟೂ ಶುರುವಾದಾಗ ಕಾರಿಗೆ ಒಂದು ಬಾರಿಗೆ ಬಿಡದಿಯಲ್ಲಿ 165, ಗಣಂಗೂರಿನಲ್ಲಿ 155, ಒಟ್ಟು 320 ರೂಪಾಯಿ ಇತ್ತು. ಆಮೇಲೆ ಏಪ್ರಿಲ್‌ಗಳಲ್ಲಿ ಏರಿದೆ. ಮುಂದಿನ ಲೆಕ್ಕಗಳಿಗೆಲ್ಲ ಈ 320ನ್ನೇ ಹಿಡಿಯುತ್ತೇನೆ. ನೀವು ಹೊರಡುವ ದಿನದ ದರ ಹಾಕಿಕೊಂಡರೆ ಉಳಿತಾಯ ಇನ್ನಷ್ಟು ದೊಡ್ಡದಾಗುತ್ತದೆ, ಚಿಕ್ಕದಾಗುವುದಿಲ್ಲ.

ಇದರ ಪಕ್ಕದಲ್ಲಿ ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೆಯ ರಸ್ತೆ ಇಟ್ಟು ನೋಡಿ. ದುಡ್ಡಿಲ್ಲ. ಆದರೆ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಎಲ್ಲ ಊರಿನ ಹಂಪು, ಸಿಗ್ನಲ್, ಬಸ್ಸು, ಎತ್ತಿನ ಗಾಡಿ ನಿಮ್ಮ ಜೊತೆಗೆ. ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬಿಡುತ್ತಿಲ್ಲ, ಅವೂ ಸರ್ವಿಸ್ ರಸ್ತೆಯಲ್ಲೇ. ಮುಖ್ಯ ರಸ್ತೆಯಲ್ಲಿ ಒಂದೂವರೆ ಗಂಟೆಯ ದಾರಿ ಇಲ್ಲಿ ಮೂರು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಗೇರ್ ಬದಲಿಸಿ ಬದಲಿಸಿ ಓಡಿಸುವಾಗ ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಮೊದಮೊದಲು ನಾನೂ ಎರಡು ಸಲ ಹಾಗೆ ಹೋದೆ. ಎರಡನೆಯ ಸಲ ಅಮ್ಮ ಹಿಂದಿನ ಸೀಟಿನಲ್ಲಿದ್ದರು. ಆಸ್ಪತ್ರೆಯ ಟೋಕನ್ ಸಮಯ ಮೀರಿತು, ಮಧ್ಯಾಹ್ನದ ತನಕ ಕಾಯಬೇಕಾಯಿತು. ಆ ದಿನ ಉಳಿದ 320 ರೂಪಾಯಿ ನನಗೆ ಬೇಕಾಗಿರಲಿಲ್ಲ.

ಹಾಗೆಂದು ಸರ್ವಿಸ್ ರಸ್ತೆ ಯಾರಿಗೂ ಬೇಡ ಎನ್ನುವುದಿಲ್ಲ. ಮದ್ದೂರಿನಲ್ಲಿ ನಿಂತು ವಡೆ ತಿನ್ನುವುದಿದ್ದರೆ, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಬೊಂಬೆ ಕೊಳ್ಳುವುದಿದ್ದರೆ, ನಡುವಿನ ಊರಿನಲ್ಲಿ ನೆಂಟರ ಮನೆಗೆ ಹೋಗುವುದಿದ್ದರೆ ಹಳೆಯ ರಸ್ತೆಯೇ ಸರಿ. ಮೈಸೂರಿನಿಂದ ಮಂಡ್ಯದ ತನಕ ಮಾತ್ರ ಹೋಗುವವರು ಗಣಂಗೂರಿನಲ್ಲಿ ಪೂರ್ತಿ ಭಾಗದ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಮೂರನೆಯ ದಾರಿ ಕುಶಾಲನಗರದಿಂದ ಕೊಣನೂರು, ರಾಮನಾಥಪುರ, ಅರಕಲಗೂಡು, ಹೊಳೆನರಸೀಪುರ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 75 ಸೇರುವುದು. ಅಲ್ಲಿಂದ ಕುಣಿಗಲ್, ನೆಲಮಂಗಲ. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಯವರಿಗೆ ಮೈಸೂರು ಸುತ್ತಿ ಬರುವುದಕ್ಕಿಂತ ಈ ಕಡೆಯೇ ಹತ್ತಿರ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹಾಸನ ಪಟ್ಟಣಕ್ಕೆ ಹೋಗಿ ಹೆದ್ದಾರಿ ಹಿಡಿದರೆ ಶಾಂತಿಗ್ರಾಮದ ಟೋಲ್ ಸಿಗುತ್ತದೆ. ಹೊಳೆನರಸೀಪುರದಿಂದ ನೇರ ಚನ್ನರಾಯಪಟ್ಟಣಕ್ಕೆ ಬಂದರೆ ಆ ಗೇಟು ನಿಮ್ಮ ಹಿಂದೆ ಉಳಿಯುತ್ತದೆ. ಚನ್ನರಾಯಪಟ್ಟಣದಿಂದ ಮುಂದೆ ನೆಲಮಂಗಲದೊಳಗೆ ಒಂದಕ್ಕಿಂತ ಹೆಚ್ಚು ಗೇಟುಗಳಿವೆ, ಪೀಣ್ಯದ ಕಡೆ ಎತ್ತರಿಸಿದ ರಸ್ತೆಯ ಟೋಲ್ ಬೇರೆ. ಟೋಲ್ ಇಲ್ಲದ ದಾರಿ ಎಂದು ಯಾರಾದರೂ ಈ ಕಡೆ ಕಳಿಸಿದರೆ ನಂಬಬೇಡಿ. ಯಶವಂತಪುರ, ಜಾಲಹಳ್ಳಿ, ಹೆಬ್ಬಾಳ ಕಡೆ ಕೆಲಸವಿದ್ದರೆ ಈ ದಾರಿ ಒಳ್ಳೆಯದು. ಕೆಂಗೇರಿ, ಜಯನಗರ, ಬನಶಂಕರಿ ಕಡೆ ಹೋಗುವವರು ಮೈಸೂರು ದಾರಿ ಬಿಡಬಾರದು. ಊರೊಳಗಿನ ಟ್ರಾಫಿಕ್‌ನಲ್ಲಿ ಕಳೆಯುವ ಗಂಟೆಯನ್ನು ಹೊರಗಿನ ಟೋಲ್ ಉಳಿತಾಯ ತುಂಬಿಕೊಡುವುದಿಲ್ಲ.

ಸುತ್ತು ದಾರಿ ಲಾಭವೋ ನಷ್ಟವೋ ಎಂದು ತಿಳಿಯಲು ನಾನು ಒಂದು ಅಂದಾಜು ಇಟ್ಟುಕೊಂಡಿದ್ದೇನೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿಯ ಆಸುಪಾಸು, ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಸುಮಾರು 7 ರೂಪಾಯಿ. 155 ರೂಪಾಯಿಯ ಗೇಟು ತಪ್ಪಿಸಲು 22 ಕಿ.ಮೀ. ಸುತ್ತಿದರೆ ಸರಿಗೆ ಸರಿ. ಅದಕ್ಕಿಂತ ಹೆಚ್ಚು ಸುತ್ತಿದರೆ ಕೈಯಿಂದ ಹೋಯಿತು, ಟೈರು ಸವೆದದ್ದು ಬೇರೆ. ಮಡಿಕೇರಿಯಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ 260 ಕಿ.ಮೀ. ಎಂದರೆ ಪೆಟ್ರೋಲಿಗೇ 1,800 ರೂಪಾಯಿ. ಅದರ ಮುಂದೆ ಟೋಲ್ ಆರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ವೇಗದ ಮಿತಿ 100 ಕಿ.ಮೀ. ಅಷ್ಟನ್ನೂ ಮುಟ್ಟದೆ ಎಂಬತ್ತರ ಮೇಲೆ ತುಸು ಇಟ್ಟು ಓಡಿಸಿದರೆ ಪೆಟ್ರೋಲೂ ಉಳಿಯುತ್ತದೆ, ಕ್ಯಾಮೆರಾ ಕಣ್ಣಿಗೆ ಬಿದ್ದು ದಂಡ ಕಟ್ಟುವುದೂ ತಪ್ಪುತ್ತದೆ.

ಹೇಗೆ ಕಟ್ಟುವುದು: ಒಂದೊಂದು ಸಲ, 24 ಗಂಟೆ, ತಿಂಗಳು, ವರ್ಷ

ಹೆಚ್ಚು ದುಡ್ಡು ಉಳಿಯುವುದು ಇಲ್ಲಿ.

ಫಾಸ್ಟ್‌ಟ್ಯಾಗ್ ಇದ್ದು 24 ಗಂಟೆಯೊಳಗೆ ಅದೇ ಗೇಟನ್ನು ವಾಪಸ್ ದಾಟಿದರೆ, ಹೋಗಿ ಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ. 2023ರ ದರದಲ್ಲಿ ಬಿಡದಿಗೆ 250, ಗಣಂಗೂರಿಗೆ 235, ಒಟ್ಟು 485. ಹಾಗಲ್ಲದೆ ಎರಡು ಸಲ ಪೂರ್ತಿ ಕೊಟ್ಟರೆ 640. ಅಂದರೆ 155 ರೂಪಾಯಿ ಉಳಿತಾಯ. ಇದಕ್ಕೆ ಅರ್ಜಿ ಬೇಡ, ಹೇಳಬೇಕಾಗಿಲ್ಲ. ಬರುವಾಗ ಕಡಿಮೆ ಹಣ ತಾನಾಗಿ ಕಡಿತವಾಗುತ್ತದೆ.

ಆದರೆ 24 ಗಂಟೆ ಪ್ರತಿ ಗೇಟಿಗೂ ಬೇರೆ ಬೇರೆ. ಕೊಡಗಿನವರು ಇಲ್ಲೇ ಎಡವುತ್ತಾರೆ. ಹೋಗುವಾಗ ಮೊದಲು ಸಿಗುವ ಗಣಂಗೂರು, ಬರುವಾಗ ಕೊನೆಗೆ ಸಿಗುತ್ತದೆ. ಬೆಳಗಿನ ಐದಕ್ಕೆ ಮನೆ ಬಿಟ್ಟು ಎಂಟಕ್ಕೆ ಗಣಂಗೂರು, ಒಂಬತ್ತಕ್ಕೆ ಬಿಡದಿ ದಾಟಿದಿರಿ ಎಂದುಕೊಳ್ಳಿ. ರಾತ್ರಿ ಉಳಿದು ಮಾರನೇ ದಿನ ಎಂಟೂವರೆಗೆ ಬಿಡದಿ ದಾಟಿದರೆ ಅಲ್ಲಿ ರಿಯಾಯಿತಿ ಸಿಕ್ಕಿತು. ಗಣಂಗೂರಿಗೆ ಬರುವಾಗ ಒಂಬತ್ತೂವರೆ, ಅಲ್ಲಿ ಪೂರ್ತಿ ದರ. ಎರಡೂ ಕಡೆ ಸಿಗಬೇಕಾದರೆ ಗಣಂಗೂರಿನ ಗಂಟೆ ನೋಡಿ ಬೆಂಗಳೂರು ಬಿಡಬೇಕು, ಅಂದರೆ ಬೆಳಗಿನ ಆರಕ್ಕೆಲ್ಲ ಕೆಂಗೇರಿ ದಾಟಿರಬೇಕು. ಅದೇ ರಾತ್ರಿ ವಾಪಸ್ ಓಡಿಸಿಕೊಂಡು ಬರುವುದನ್ನು ಮಾತ್ರ 155 ರೂಪಾಯಿಗಾಗಿ ಯಾರೂ ಮಾಡಬೇಡಿ. ಆನೆಕಾಡಿನಲ್ಲಿ, ತಿತಿಮತಿ ರಸ್ತೆಯಲ್ಲಿ ಕತ್ತಲಾದ ಮೇಲೆ ಆನೆ ಅಡ್ಡ ಬರುವುದು ನಮಗೆಲ್ಲ ಗೊತ್ತು. ನಿದ್ದೆಗಣ್ಣಿನಲ್ಲಿ ಅಲ್ಲಿಗೆ ಬಂದು ತಲುಪುವ ಕೆಲಸ ಬೇಡ.

ತಿಂಗಳ ಪಾಸ್ ಎಂದರೆ ಒಂದು ಗೇಟಿಗೆ 50 ಸಲದ ದರದ ಮೂರನೇ ಎರಡು ಪಾಲು ಕಟ್ಟುವುದು. 165 ರೂಪಾಯಿಯ ಗೇಟಿಗೆ ಸುಮಾರು 5,500. ತಿಂಗಳಲ್ಲಿ 34 ಸಲವಾದರೂ ಆ ಗೇಟು ದಾಟಿದರೆ ಮಾತ್ರ ಲಾಭ. ಕೊಡಗಿನಲ್ಲಿ ಮನೆಯಿರುವವರಿಗೆ ಇದು ಆಗುವ ಮಾತಲ್ಲ. ಹಳದಿ ಬೋರ್ಡಿನ ಟ್ಯಾಕ್ಸಿಯವರು, ಅದರಲ್ಲೂ ಮೈಸೂರು–ಬೆಂಗಳೂರು ನಡುವೆ ದಿನವೂ ಓಡುವವರು, ಲೆಕ್ಕ ಹಾಕಿ ನೋಡಬಹುದು. ಪ್ಲಾಜಾದಿಂದ 20 ಕಿ.ಮೀ. ಒಳಗೆ ಮನೆಯಿರುವ ಖಾಸಗಿ ವಾಹನದವರಿಗೆ ಕಡಿಮೆ ಬೆಲೆಯ ಸ್ಥಳೀಯ ಪಾಸ್ ಇದೆ. ಆದರೆ ಸರ್ವಿಸ್ ರಸ್ತೆಯೋ ಬದಲಿ ರಸ್ತೆಯೋ ಇದ್ದಲ್ಲಿ ಅದನ್ನು ಕೊಡುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಬಿಡದಿಯಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಬಾಡಿಗೆಗಿರುವ ನಮ್ಮ ಹುಡುಗರು ಅದನ್ನೇ ನೆಚ್ಚಿಕೊಳ್ಳುವ ಮೊದಲು ಪ್ಲಾಜಾದಲ್ಲಿ ವಿಚಾರಿಸಲಿ.

ಇನ್ನು ವಾರ್ಷಿಕ ಪಾಸ್. 2025ರ ಆಗಸ್ಟ್ 15ರಂದು ಶುರುವಾಯಿತು. ಆಗಿನ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯ ತನಕ. ಒಂದು ಗೇಟು ದಾಟಿದರೆ ಒಂದು ಸಲ, ವಾಪಸ್ ಬಂದರೆ ಇನ್ನೊಂದು. ಭಾಗಿಸಿದರೆ ಗೇಟಿಗೆ 15 ರೂಪಾಯಿ. ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಹಳದಿ ಬೋರ್ಡಿಗಿಲ್ಲ, ಕಾಫಿ ಮೂಟೆ ಸಾಗಿಸುವ ಪಿಕಪ್ಪಿಗಿಲ್ಲ. ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳ ಗೇಟಿನಲ್ಲಿ ಮಾತ್ರ ನಡೆಯುತ್ತದೆ. ‘ರಾಜಮಾರ್ಗ ಯಾತ್ರಾ’ ಆ್ಯಪ್‌ನಲ್ಲೋ ಹೆದ್ದಾರಿ ಪ್ರಾಧಿಕಾರದ ಜಾಲತಾಣದಲ್ಲೋ ದುಡ್ಡು ಕಟ್ಟಿದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಚಾಲೂ ಆಗುತ್ತದೆ. ಹೊಸ ಟ್ಯಾಗ್ ಬೇಡ, ಗಾಜಿಗೆ ಅಂಟಿಸಿರುವ ಹಳೆಯದೇ ಸಾಕು. ಈಗಿನ ಬೆಲೆಯನ್ನು ಅದೇ ಆ್ಯಪ್‌ನಲ್ಲಿ ನೋಡಿಕೊಂಡು ಮುಂದಿನ ಲೆಕ್ಕ ಹಾಕಿ.

ಬೆಂಗಳೂರಿಗೆ ಒಂದು ಸಲ ಹೋಗಿ ಬಂದರೆ ನಾಲ್ಕು ಗೇಟು. ಉಳಿದುಕೊಂಡು ಬರುವವರಿಗೆ ಅದು 640 ರೂಪಾಯಿ, ಐದು ಸಲ ಹೋದರೆ 3,200. ಅಂದರೆ ವರ್ಷಕ್ಕೆ ಐದು ಸಲ ಹೋಗುವ ಮನೆಗೆ ಪಾಸ್ ಬೆಲೆ ಹುಟ್ಟಿತು. ಪ್ರತಿ ಸಲವೂ 24 ಗಂಟೆಯೊಳಗೆ ಬರುವವರಿಗೆ 485ರ ಲೆಕ್ಕದಲ್ಲಿ ಏಳು ಸಲವಾಗಬೇಕು.

ನನ್ನ ಪುಸ್ತಕದ ಪುಟದಲ್ಲಿ ಆ ವರ್ಷ ಎಂಟು ಸಲ ಬೆಂಗಳೂರು ಇತ್ತು. ಆರು ಸಲ ಉಳಿದು ಬಂದದ್ದು, ಎರಡು ಸಲ ಬೇಗ ವಾಪಸ್. ಆರಕ್ಕೆ 3,840, ಎರಡಕ್ಕೆ 970, ಒಟ್ಟು 4,810. ಪಾಸ್ ಇದ್ದಿದ್ದರೆ 3,000ದಲ್ಲಿ ಮುಗಿಯುತ್ತಿತ್ತು. 1,810 ರೂಪಾಯಿ ಉಳಿಯುತ್ತಿತ್ತು. 200ರಲ್ಲಿ ಖರ್ಚಾಗುತ್ತಿದ್ದದ್ದು 32 ಸಲ ಮಾತ್ರ, ಉಳಿದದ್ದು ವ್ಯರ್ಥವಾದರೂ ಚಿಂತೆಯಿಲ್ಲ. ಈ ಪಾಸ್‌ನಲ್ಲಿ ಎಷ್ಟು ಸಲ ಬಳಸದೆ ಬಿಟ್ಟಿರಿ ಎಂಬುದಕ್ಕಿಂತ, ಬಳಸಿದ ಗೇಟುಗಳು ಎಷ್ಟು ದುಬಾರಿಯವು ಎಂಬುದೇ ಮುಖ್ಯ. ಮಂಗಳೂರಿಗೆ ಮಾತ್ರ ಆಗಾಗ ಹೋಗುವವರು ಬ್ರಹ್ಮರಕೂಟ್ಲುವಿನ ಸಣ್ಣ ದರಕ್ಕಾಗಿ ಪಾಸ್ ಮಾಡಿಸಬೇಕಾಗಿಲ್ಲ.

ಶನಿವಾರಸಂತೆಯ ಭಾವ ಕೇಳಿದಾಗ ಬೇಡ ಎಂದೆ. ಅವರು ಬೆಂಗಳೂರಿಗೆ ಹೋಗುವುದು ವರ್ಷಕ್ಕೆ ಎರಡು ಸಲ. ಸಾವಿರದ ಚಿಲ್ಲರೆ ಟೋಲ್‌ಗೆ ಮೂರು ಸಾವಿರದ ಪಾಸ್ ಯಾಕೆ? ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಮನೆಗೆ ಬರುವ ಅಕ್ಕನ ಮಗನಿಗೆ ಅದೇ ದಿನ ಮಾಡಿಸಿಕೋ ಎಂದೆ. ಹನ್ನೆರಡು ಸಲಕ್ಕೆ ಅವನು ಕೊಡುತ್ತಿದ್ದದ್ದು 7,680. “ಹುತ್ತರಿಗೆ ಒಂದು, ಕೈಲ್‌ಪೊಳ್ದ್‌ಗೆ ಒಂದು, ಅಜ್ಜಿಗೆ ಹುಷಾರಿಲ್ಲ ಅಂದ್ರೆ ಇನ್ನೊಂದು, ನಾನು ಲೆಕ್ಕವೇ ಇಟ್ಟಿರಲಿಲ್ಲ ಮಾಮ” ಅಂದ. ಎರಡು ವಾಹನ ಇರುವ ಮನೆಯವರು ನೆನಪಿಡಿ: ಪಾಸ್ ಗಾಡಿಗೆ ಕಟ್ಟು. ತೋಟದ ಜೀಪಿಗೆ ಮಾಡಿಸಿ ಕಾರಿನಲ್ಲಿ ಹೋದರೆ ನಡೆಯುವುದಿಲ್ಲ. ದೂರ ಹೋಗುವ ಗಾಡಿ ಯಾವುದೋ ಅದಕ್ಕೇ ಮಾಡಿಸಿ. ಟ್ಯಾಗ್‌ನಲ್ಲಿ ವಾಹನದ ಪೂರ್ತಿ ನೋಂದಣಿ ಸಂಖ್ಯೆ ಇರಬೇಕು. ಹೊಸ ಕಾರು ಕೊಂಡಾಗ ಚಾಸಿಸ್ ನಂಬರಿನಲ್ಲಿ ಕೊಟ್ಟ ಟ್ಯಾಗ್ ಹಾಗೆಯೇ ಉಳಿದಿದ್ದರೆ ಮೊದಲು ಅದನ್ನು ಸರಿಮಾಡಿಸಬೇಕು.

ಟ್ಯಾಗ್ ಕೆಟ್ಟರೆ ಎಲ್ಲ ಉಳಿತಾಯವೂ ಹೋಯಿತು

ಫಾಸ್ಟ್‌ಟ್ಯಾಗ್ ಕಡ್ಡಾಯವಾದದ್ದು 2021ರ ಫೆಬ್ರುವರಿ ಮಧ್ಯದಿಂದ. ಟ್ಯಾಗ್ ಇಲ್ಲದೆ ಬಂದರೆ ಎರಡು ಪಟ್ಟು ಎಂಬುದು ಆಗಿನ ನಿಯಮ. 2025ರ ನವೆಂಬರ್ 15ರಿಂದ ಬಂದ ತಿದ್ದುಪಡಿಯಲ್ಲಿ, ಟ್ಯಾಗ್ ಇಲ್ಲದವರು ಅಥವಾ ಕೆಲಸ ಮಾಡದ ಟ್ಯಾಗ್ ಇರುವವರು ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂದಾಯಿತು. 165ರ ಗೇಟಿಗೆ ಒಂದರಲ್ಲಿ ಸುಮಾರು 206, ಇನ್ನೊಂದರಲ್ಲಿ 330.

ಈ ತಿದ್ದುಪಡಿ ಬರುವ ಮೊದಲು ನನಗೆ ಒಂದು ಸಲ ಎರಡು ಪಟ್ಟು ಬಿತ್ತು. ಟ್ಯಾಗ್‌ನಲ್ಲಿ ದುಡ್ಡಿತ್ತು. ಆದರೆ ಕೆವೈಸಿ ಹಳೆಯದಾಗಿತ್ತೆಂದು ಬ್ಯಾಂಕಿನವರು ತಡೆದಿಟ್ಟಿದ್ದರು. ಮೆಸೇಜ್ ಬಂದದ್ದು ನಾನು ಬಳಸುವುದನ್ನು ಬಿಟ್ಟಿದ್ದ ಹಳೆಯ ಮೊಬೈಲ್ ನಂಬರಿಗೆ. ಹಿಂದೆ ಸಾಲುಗಟ್ಟಿ ಗಾಡಿ, ಹಾರ್ನ್, ಪಕ್ಕದಲ್ಲಿ ಪರೀಕ್ಷೆಗೆ ಹೊರಟ ಮಗಳು. ವಾದ ಮಾಡುವ ಹೊತ್ತಲ್ಲ ಅದು, ಕೊಟ್ಟು ಹೋದೆವು. ಅಂದಿನಿಂದ ಹೊರಡುವ ಹಿಂದಿನ ಸಂಜೆ ಆ್ಯಪ್ ತೆರೆದು ಮೂರು ವಿಷಯ ನೋಡುತ್ತೇನೆ: ಟ್ಯಾಗ್ ಚಾಲೂ ಇದೆಯೇ, ಬಾಕಿ ಎಷ್ಟಿದೆ, ಮೊಬೈಲ್ ನಂಬರ್ ಸರಿಯಿದೆಯೇ. ಹಿಂದಿನ ಸಂಜೆ ಎನ್ನುವುದಕ್ಕೂ ಕಾರಣವಿದೆ. ತಡೆಹಿಡಿದ ಟ್ಯಾಗ್‌ಗೆ ಗೇಟಿನ ಮುಂದೆ ನಿಂತು ದುಡ್ಡು ಹಾಕಿದರೆ ಅದು ಸರಿಹೋಗಲು ಸಮಯ ಬೇಕು. ನಮ್ಮ ಘಟ್ಟದ ತಿರುವುಗಳಲ್ಲಿ ನೆಟ್‌ವರ್ಕ್ ಸಿಗುವ ಭರವಸೆಯೂ ಇಲ್ಲ.

ಇದರ ಇನ್ನೊಂದು ಮಗ್ಗುಲು ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಟ್ಯಾಗ್ ಸರಿಯಿದ್ದು, ಸಾಕಷ್ಟು ಹಣವೂ ಇದ್ದು, ಪ್ಲಾಜಾದ ಯಂತ್ರವೇ ಓದದಿದ್ದರೆ ಶುಲ್ಕವಿಲ್ಲದೆ ಬಿಡಬೇಕು, ಸೊನ್ನೆ ರೂಪಾಯಿಯ ರಸೀದಿ ಕೊಡಬೇಕು. ತಪ್ಪಾಗಿ ಹಣ ಕಡಿತವಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಟ್ಯಾಗ್ ಕೊಟ್ಟ ಬ್ಯಾಂಕಿಗೂ ದೂರು ಕೊಡಿ. ಗೇಟಿನ ಹೆಸರು, ಗಂಟೆ, ಕಡಿತದ ಮೆಸೇಜ್ ಇಟ್ಟುಕೊಂಡಿದ್ದರೆ ಕೆಲಸ ಸುಲಭ. ಮನೆಯಂಗಳದಲ್ಲಿ ನಿಂತ ಕಾರಿಗೆ ದೂರದ ಯಾವುದೋ ಗೇಟಿನಲ್ಲಿ ಕಡಿತವಾದ ಮೆಸೇಜ್ ಬಂದರೆ ಅದನ್ನು ಅಲಕ್ಷ್ಯ ಮಾಡಬೇಡಿ.

ಬೆಂಗಳೂರು ಮುಟ್ಟಿದ ಮೇಲೆ

ಎಕ್ಸ್‌ಪ್ರೆಸ್‌ವೇ ಇಳಿದು ಎಲೆಕ್ಟ್ರಾನಿಕ್ ಸಿಟಿಗೋ ಬನ್ನೇರುಘಟ್ಟ ರಸ್ತೆಗೋ ಹೋಗುವವರ ಎದುರು ನೈಸ್ ರಸ್ತೆ ಇದೆ. ಅದು ಖಾಸಗಿಯವರದು. ರಾಷ್ಟ್ರೀಯ ಹೆದ್ದಾರಿಯ ವಾರ್ಷಿಕ ಪಾಸ್ ಅಲ್ಲಿ ನಡೆಯುವುದಿಲ್ಲ. ಮೈಸೂರು ರಸ್ತೆಯಿಂದ ಕನಕಪುರ ರಸ್ತೆ, ಅಲ್ಲಿಂದ ಬನ್ನೇರುಘಟ್ಟ ರಸ್ತೆ, ಅಲ್ಲಿಂದ ಹೊಸೂರು ರಸ್ತೆ, ಹೀಗೆ ತುಂಡು ತುಂಡಾಗಿ ಕೊಡಬೇಕು. ಹೆದ್ದಾರಿಯಲ್ಲಿ ಟೋಲ್ ಇಲ್ಲದ ಬೈಕಿಗೂ ಅಲ್ಲಿ ಟೋಲ್ ಇದೆ. ಕನಕಪುರ ರಸ್ತೆಯ ಕಡೆಗೆ ಭಾನುವಾರ ಬೆಳಿಗ್ಗೆ ಹೋಗುವವರು ಊರೊಳಗಿಂದಲೇ ಹೋಗಬಹುದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಎಲೆಕ್ಟ್ರಾನಿಕ್ ಸಿಟಿ ಮುಟ್ಟಬೇಕಾದವರು ನೈಸ್‌ಗೆ ಕೊಡುವ ದುಡ್ಡು ದಂಡವಲ್ಲ. ರಾಜ್ಯ ಹೆದ್ದಾರಿಯ ಟೋಲ್‌ಗಳಿಗೂ ವಾರ್ಷಿಕ ಪಾಸ್ ಸಲ್ಲುವುದಿಲ್ಲ. ಪಾಸ್ ಇದೆಯೆಂದು ಟ್ಯಾಗ್‌ನ ಬಾಕಿಯನ್ನು ಸೊನ್ನೆಗೆ ಇಳಿಸಬೇಡಿ.

ವಿಮಾನ ನಿಲ್ದಾಣಕ್ಕೆ ಹೋಗುವಾಗ ಹೆಬ್ಬಾಳದ ಆಚೆ ಸಾದಹಳ್ಳಿ ಟೋಲ್ ಇದೆ, ಅದು ರಾಷ್ಟ್ರೀಯ ಹೆದ್ದಾರಿಯದು. ಆದರೆ ವಿಮಾನಕ್ಕೆಂದೇ ಹೊರಡುವ ವಿರಾಜಪೇಟೆ, ಗೋಣಿಕೊಪ್ಪದವರಿಗೆ ನಾನು ಮೊದಲು ಕೇಳುವುದು, ಕಣ್ಣೂರಿನಿಂದ ಆ ವಿಮಾನ ಇದೆಯೇ ಎಂದು. ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆಯಿತು. ವಿರಾಜಪೇಟೆಯಿಂದ ಮಾಕುಟ್ಟದ ಮೇಲೆ ಸುಮಾರು 60 ಕಿ.ಮೀ. ಕೊಲ್ಲಿ ದೇಶಗಳಿಗೆ ಹೋಗುವ ಮಕ್ಕಳನ್ನು ಬಿಡಲು ಬೆಂಗಳೂರಿನ ತನಕ ಹೋಗಿ, ಟೋಲ್, ಪೆಟ್ರೋಲ್, ಒಂದು ರಾತ್ರಿಯ ಲಾಡ್ಜ್ ಎಲ್ಲ ಸೇರಿಸಿ ನೋಡಿದರೆ ಟಿಕೆಟ್ ತುಸು ಹೆಚ್ಚಿದ್ದರೂ ಕಣ್ಣೂರು ವಾಸಿ.

ಕಾರು ಬೇಕೇ ಎಂಬ ಪ್ರಶ್ನೆ

ಒಬ್ಬರೇ ಅಥವಾ ಇಬ್ಬರೇ ಹೋಗುವಾಗ ಕಾರು ತೆಗೆಯುವುದನ್ನು ನಾನು ಬಿಟ್ಟಿದ್ದೇನೆ. ಟೋಲ್ ಇಲ್ಲದ ಮೈಸೂರಿನ ತನಕ ಬಸ್ಸು ಅಥವಾ ಕಾರು, ಅಲ್ಲಿಂದ ರೈಲು. ಮೈಸೂರಿನಿಂದ ಬೆಂಗಳೂರಿಗೆ ದಿನವಿಡೀ ರೈಲುಗಳಿವೆ. ಇಳಿದ ಮೇಲೆ ಮೆಟ್ರೊ ಇದೆ, ನಗರದೊಳಗೆ ಪಾರ್ಕಿಂಗ್ ಹುಡುಕುವ ಕೆಲಸವಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೂ ಟೋಲ್ ಪಾಲು ಸೇರಿರುತ್ತದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಓಡುವ ಬಸ್ಸುಗಳಿಗೆ ಬಳಕೆದಾರ ಶುಲ್ಕ ಹಾಕಿದಾಗ ಕೆಂಪು ಬಸ್ಸಿಗೆ 15, ರಾಜಹಂಸಕ್ಕೆ 18, ಮಲ್ಟಿ ಆ್ಯಕ್ಸಲ್‌ಗೆ 20 ರೂಪಾಯಿ ಸೇರಿಸಿದರು. ಕಾರಿನ 320ಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್ 11ರಿಂದ, ರಾಜ್ಯದ ಹೆಣ್ಣುಮಕ್ಕಳಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ಟಿಗೂ ದುಡ್ಡಿಲ್ಲ. ಮಗಳು ರಜೆಗೆ ಒಬ್ಬಳೇ ಬರುವಾಗ ಕಾರು ತರಿಸಿಕೊಳ್ಳುವುದಿಲ್ಲ, ಬಸ್ಸಿನಲ್ಲೇ ಬರುತ್ತಾಳೆ.

ನಾಲ್ಕು ಜನರ ಮನೆಗೆ ಲೆಕ್ಕ ಬೇರೆ. ಪೆಟ್ರೋಲ್, ಟೋಲ್ ಸೇರಿ ಒಂದು ಕಡೆಗೆ ಎರಡು ಸಾವಿರದ ನೂರು, ತಲೆಗೆ ಐನೂರ ಚಿಲ್ಲರೆ. ವಯಸ್ಸಾದವರು ಜೊತೆಗಿದ್ದರೆ, ಅಕ್ಕಿ, ತೆಂಗಿನಕಾಯಿ, ಕಿತ್ತಳೆ ಬುಟ್ಟಿ ಹಿಂದೆ ತುಂಬಿದ್ದರೆ ಕಾರೇ ಸರಿ, ಆಗ ಪಾಸ್ ಕೈಹಿಡಿಯುತ್ತದೆ.

ಮುಂದೆ ನಮ್ಮ ಕಡೆಗೂ ಬರುವ ಗೇಟು

ಮೈಸೂರು–ಕುಶಾಲನಗರ ನಾಲ್ಕು ಪಥದ ರಸ್ತೆಗೆ ಶಂಕುಸ್ಥಾಪನೆಯಾದದ್ದೂ 2023ರ ಮಾರ್ಚ್ 12ರಂದೇ. ಸುಮಾರು 92 ಕಿ.ಮೀ., ಸುಮಾರು 4,130 ಕೋಟಿ ರೂಪಾಯಿಯ ಯೋಜನೆ. ಅದು ಮುಗಿದು ಟೋಲ್ ಬಂದರೆ, ಇಷ್ಟು ದಿನ ಪುಕ್ಕಟೆಯಾಗಿದ್ದ ಮೈಸೂರು ದಾರಿಗೂ ದುಡ್ಡು ಬೀಳುತ್ತದೆ. ಒಂದೇ ದಿಕ್ಕಿನಲ್ಲಿ ಎರಡು ಪ್ಲಾಜಾಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರವಿರಬೇಕು ಎಂದು ನಿಯಮವಿದೆ, ಕಾರಣ ಬರೆದಿಟ್ಟು ಅದನ್ನು ಸಡಿಲಿಸಲೂ ಅವಕಾಶವಿದೆ. ಆಗ ಬೆಂಗಳೂರಿಗೆ ಹೋಗದೆ ಮೈಸೂರಿನ ಆಸ್ಪತ್ರೆಗೆ ತಿಂಗಳಿಗೆರಡು ಸಲ ಹೋಗುವವರಿಗೂ ವಾರ್ಷಿಕ ಪಾಸ್ ಲೆಕ್ಕ ಹಾಕಬೇಕಾಗುತ್ತದೆ. ಪ್ಲಾಜಾದ ಹತ್ತಿರ ಮನೆಯಿರುವವರು ಸರ್ವಿಸ್ ರಸ್ತೆ ಎಲ್ಲಿಂದ ಎಲ್ಲಿಯ ತನಕ ಬರುತ್ತದೆ ಎಂದು ಈಗಲೇ ಪಂಚಾಯಿತಿ ಸಭೆಯಲ್ಲಿ ಕೇಳಿಟ್ಟುಕೊಂಡರೆ ಒಳ್ಳೆಯದು. ರಸ್ತೆ ಮುಗಿದ ಮೇಲೆ ಕೇಳಿದರೆ ಕಾಂಕ್ರೀಟ್ ಒಡೆಯಲು ಯಾರೂ ಬರುವುದಿಲ್ಲ.

ಅಲ್ಲಿಯ ತನಕ, ನಿಮ್ಮ ಫೋನಿನಲ್ಲಿ ಕಳೆದ ಹನ್ನೆರಡು ತಿಂಗಳ ಟೋಲ್ ಮೆಸೇಜ್‌ಗಳನ್ನು ಒಟ್ಟು ಮಾಡಿ ನೋಡಿ. ಬಂದ ಮೊತ್ತ ಪಾಸ್ ಬೆಲೆಗಿಂತ ಹೆಚ್ಚಿದ್ದರೆ ಮುಂದಿನ ಪ್ರಯಾಣದ ಹಿಂದಿನ ಸಂಜೆಯೇ ಮಾಡಿಸಿಕೊಳ್ಳಿ. ನೈಸ್ ರಸ್ತೆಗೆ, ರಾಜ್ಯ ಹೆದ್ದಾರಿಗೆ ಕೊಟ್ಟದ್ದನ್ನು ಮಾತ್ರ ಕೂಡಿಸುವಾಗ ಬಿಟ್ಟುಬಿಡಿ.